ತೂಗುವ ಸಲೂನು, ಹೊರ್ತಿಯ ದಾರಿ

ಕಾನ್ವೆಂಟಿನ ಲೈಬ್ರರಿಯಲ್ಲಿ ಓದಿದ ಒಂದು ಹಡಗು ಈ ವಯಸ್ಸಿನಲ್ಲೂ ನನ್ನ ತಲೆಯಿಂದ ಇಳಿದಿಲ್ಲ. ಸ್ಟೀಮ್ ಹಡಗುಗಳ ಕಾಲದಲ್ಲಿ, ಸಮುದ್ರವೆಂದರೆ ಹೊಟ್ಟೆ ತೊಳಸುತ್ತಿದ್ದ ಇಂಗ್ಲೆಂಡಿನ ಒಬ್ಬ ಇಂಜಿನಿಯರ್, ಪ್ರಯಾಣಿಕರು ಕೂರುವ ಸಲೂನನ್ನೇ ಹಡಗಿನ ನಡುವೆ ಆಕ್ಸಲ್ ಮೇಲೆ ತೂಗಿಬಿಟ್ಟಿದ್ದ. ಹಡಗು ಎಷ್ಟು ಹೊರಳಿದರೂ ಸಲೂನು ಲೆವೆಲ್ಲಾಗಿ ನಿಲ್ಲಬೇಕು. ಅದಕ್ಕಾಗಿ ಒಬ್ಬಾತ ಸದಾ ಯಂತ್ರದ ಹಿಡಿ ತಿರುಗಿಸುತ್ತಿರಬೇಕು. ಕೈಗೂಡಲಿಲ್ಲ. ಹೌ ಸ್ಯಾಡ್, ಎಂದು ನಿಟ್ಟುಸಿರಿಟ್ಟಿದ್ದೆ. ಬಸ್ಸು ಹತ್ತಿದರೆ ವಾಂತಿ ಮಾಡುವವಳು ನಾನೂ.

ಹೋದ ವರ್ಷ ಹೊರ್ತಿಯಿಂದ ಅಕ್ಕ ಫೋನ್ ಮಾಡಿದಳು. ಅವಳ ದೃಷ್ಟಿ ದಿನದಿನಕ್ಕೆ ಮಂಕಾಗುತ್ತಿತ್ತು.

"ಕಣ್ಣ ಪೂರಾ ಹೋಗೂದ್ರಾಗ ಬಂದು ಮಾರಿ ತೋರ್ಸು. ನಿನ್ನ ವಾಂತಿ ಕಥಿ ಕೇಳಿ ಕೇಳಿ ಸಾಕಾಗೇತಿ."

ನಾನಿರುವ ಇಂಡಿ ಊರಿಂದ ಹೊರ್ತಿ ದೂರವೇನಲ್ಲ, ನನ್ನ ಹೊಟ್ಟೆಗೆ ಮಾತ್ರ ಅದೇ ಸಮುದ್ರ. ಆದರೂ ಹೋಗಲೇಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ನಮ್ಮಲ್ಲಿ ಹೊಲಕ್ಕೆ ಹೋಗುವವರು ಎತ್ತಿನ ಚಕ್ಕಡಿಯಲ್ಲಿ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರು. ಗಾಡಿ ಎಷ್ಟು ಕುಲುಕಿದರೂ ಕೂಸಿಗೆ ಗಾಢ ನಿದ್ದೆ. ಹಿಡಿ ತಿರುಗಿಸುವ ಮನುಷ್ಯನೇ ಬೇಡ! ನೆರೆಮನೆಯವನ ಮೂರು ಗಾಲಿಯ ಟಂಟಂನ ಹಿಂದಿನ ಸೀಟು ತೆಗೆಸಿ, ಮೇಲಿನ ಪೈಪುಗಳಿಗೆ ಕೌದಿಯ ಜೋಳಿಗೆ ಕಟ್ಟಿಸಿ, ಒಳಗೆ ಕುಳಿತೆ.

"ಬಾಯಾರ, ಹೆಸರಿಡೂ ಕಾರ್ಯ ಯಾವಾಗ್ರಿ?" ಎಂದ ಅವನು.

"ಸುಮ್ನ ಗಾಡಿ ಹೊಡಿಯೋ ತಮ್ಮಾ. ಇದು ಸೈನ್ಸ್ ಐತಿ."

ಊರು ದಾಟುವುದರೊಳಗೆ ಸೈನ್ಸ್ ಕೈಕೊಟ್ಟಿತು. ಗಾಡಿ ಎಡಕ್ಕೆ ವಾಲಿದರೆ ನಾನು ಬಲಕ್ಕೆ. ಗಾಡಿ ನಿಂತ ಮೇಲೂ ನಾನು ನಿಲ್ಲಲಿಲ್ಲ. ಪುಸ್ತಕದ ಚಿತ್ರದಲ್ಲಿ ಸಲೂನಿಗೆ ಎಷ್ಟೊಂದು ಅಲಂಕಾರವಿತ್ತು, ಪಾಪ! ಜಾಲಿ ಗಿಡದ ಬುಡದಲ್ಲಿ ಇಳಿದು ಎಲ್ಲ ಕಾರಿಕೊಂಡೆ.

"ಹೊಳ್ಳಿ ಹೋಗೂನೇನ್ರಿ?"

"ಜೋಳಿಗಿ ಬಿಚ್ಚು. ಹೊರ್ತಿಗೇ ಹೊಡಿ."

ಆ ತೂಗುವ ಸಲೂನಿನ ಕಾಲದಲ್ಲೇ ಇನ್ನೊಬ್ಬರು ಎರಡು ಒಡಲು ಜೋಡಿಸಿ ಅಗಲವಾದ ಹಡಗು ಕಟ್ಟಿದ್ದು ನೆನಪಿಗೆ ಬಂತು. ಅವರದು ತೂಗಾಡುವ ಉಪಾಯವಲ್ಲ, ಅಗಲವಾಗಿ ಊರುವ ಉಪಾಯ. ಕೌದಿಯನ್ನು ಕೆಳಗೆ ಹಾಸಿ, ಹಿಂದಿನ ಎರಡು ಗಾಲಿಗಳ ನಟ್ಟನಡುವೆ ಬೆನ್ನು ಒತ್ತಿ, ಕಾಲು ಚಾಚಿ ಕುಳಿತೆ. ಪರ್ಫೆಕ್ಟ್ ಅನ್ನಲಾರೆ. ದಾರಿಯಲ್ಲಿ ಇನ್ನೊಮ್ಮೆ ಗಾಡಿ ನಿಲ್ಲಿಸಬೇಕಾಯಿತು. ಅವನು ಹಿಂದಕ್ಕೆ ಹೊಳ್ಳುವ ಮಾತೆತ್ತಲಿಲ್ಲ. ನನ್ನ ಮುಖ ನೋಡಿ ಧೈರ್ಯ ಬಂದಿರಲಿಕ್ಕಿಲ್ಲ.

ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿದಳು.

"ಎಷ್ಟ ಮುದುಕಿ ಆಗೀಯಲ್ಲ!"

"ಅಂದ್ರ ಕಾಣಾಕತ್ತೇತಿ?"

"ಕಾಣ್ತೈತಿ. ಹೋಗು, ಮೊದ್ಲ ಬಾಯಿ ತೊಳ್ಕೊ."