ಹಿಂಬಾಗಿಲಿಲ್ಲದ ಆಟದ ಮನೆ

ಇವತ್ತು ಆನೆಕೊಂಡದ ಬೀದಿಯಲ್ಲಿ ಯಾರೋ ತೇಗದ ಮರ ಕೊಯ್ಯುತ್ತಿದ್ದರು. ಆ ಪುಡಿಯ ವಾಸನೆಗೆ ಚಿಕ್ಕಪ್ಪ ನೆನಪಾದ.

ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟು ಬಂದಿದ್ದ ಚಿಕ್ಕಪ್ಪ, ನಾನು ಚಿಕ್ಕವಳಿದ್ದಾಗ ಬೆರಳುದ್ದದ ಸೀಸದ ಸಿಪಾಯಿಗಳನ್ನು ಮೇಜಿನ ಮೇಲೆ ಹೂಡಿ ನನಗೆ ಹಳೇ ಕಾಳಗಗಳ ಆಟ ಆಡಿಸುತ್ತಿದ್ದ. ಆ ಸಿಪಾಯಿಗಳ ಅಳತೆಗೆ ಹೊಂದುವ ಮರದ ಆಟದ ಮನೆಗಳನ್ನು ಆರಿಸಲು ಒಮ್ಮೆ ಹರಿಹರದ ಬಡಗಿ ಸಾಬರ ಅಂಗಡಿಗೆ ಹೋದೆವು. ನಾನು ಕೆಂಪು ಬಣ್ಣದ ಮನೆಯೊಂದನ್ನು ಎತ್ತಿಕೊಂಡೆ. ಚಿಕ್ಕಪ್ಪ ಅದನ್ನು ತಿರುಗಿಸಿ ನೋಡಿದ.

"ಹಿಂಬಾಗಿಲು ಇಲ್ಲ. ಇದು ಬ್ಯಾಡ."

"ಆಟದ ಮನೆ ಐತಲ್ರೀ, ಹಿಂದೆ ಯಾರು ನೋಡ್ತಾರ?" ಸಾಬರು ನಕ್ಕರು.

"ಮುಂಬಾಗಿಲಿಗೆ ಬೆಂಕಿ ಬಿದ್ರೆ ಒಳಗಿನೋರು ಹೆಂಗೆ ಹೊರಗೆ ಬರ್ಬೇಕ್ರಿ?"

ಸಾಬರ ನಗು ನಿಂತಿತು. ಉಳಿ ಹಿಡಿದು, ಹಿಂದಿನ ಗೋಡೆಯಲ್ಲಿ ಬಾಗಿಲು ಕೊರೆದುಕೊಟ್ಟರು.

ಸಂಜೆ ಆಟದಲ್ಲಿ ಆ ಮನೆಗೆ ಮುತ್ತಿಗೆ ಹಾಕಿದೆ. ಹಿಂಬಾಗಿಲಿಗೂ ಇಬ್ಬರು ಸಿಪಾಯಿಗಳನ್ನು ನಿಲ್ಲಿಸಿ, "ಈಗ ಒಬ್ರೂ ತಪ್ಪಿಸ್ಕೊಳ್ಳಂಗಿಲ್ಲ!" ಎಂದು ಚಪ್ಪಾಳೆ ತಟ್ಟಿದೆ.

ಚಿಕ್ಕಪ್ಪ ಹಿಂಬಾಗಿಲಿನ ಆ ಇಬ್ಬರನ್ನು ಎತ್ತಿ ಬದಿಗಿಟ್ಟ.

"ಯುದ್ಧದಲ್ಲಿ ನಾನೂ ಹಂಗೇ ಒಂದು ಮನೆ ಹಿಂದೆ ನಿಂತಿದ್ದೆ, ಪುಟ್ಟಿ," ಅಂದ.

ಮತ್ತೆಂದೂ ಅವನು ಆಟ ಹೂಡಲಿಲ್ಲ. ಆ ಮನೆಯೊಳಗೆ ಯಾರಿದ್ದರೆಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವನೇ ಇಲ್ಲ.