ಎಂಟು ತುಂಬಿ ಒಂಬತ್ತರ ಕಾರು

ಜೀವಮಾನದಲ್ಲಿ ಎರಡು ಸಲ ನಾನು ಸರ್ಕಾರದವರ ಮುಂದೆ ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಿದ್ದೇನೆ. ಒಂದು ಸಲ ಮೊಮ್ಮಗಳ ವಯಸ್ಸು ಇಳಿಸಿ. ಇನ್ನೊಂದು ಸಲ, ಈಗ ಹೋದ ತಿಂಗಳು, ಅದೇ ಮೊಮ್ಮಗಳ ಕಾರಿನ ವಯಸ್ಸು ಏರಿಸಿ.

ಎರಡು ಸಲವೂ ಸಿಕ್ಕಿಬಿದ್ದೆ.

ಮೊದಲನೆಯದು ನಿಮಗೂ ಗೊತ್ತಿರುವ ಪಾಪವೇ. ಮಕ್ಕಳನ್ನು ಬಸ್ಸಿಗೆ ಹತ್ತಿಸಿದವರಲ್ಲಿ ಮಾಡದವರು ಯಾರು ಹೇಳಿ? ಹರವೆಯಿಂದ ಚಾಮರಾಜನಗರಕ್ಕೆ ಹೊರಟಿದ್ದೆವು. ಕಂಡಕ್ಟರ್ ಕೇಳಿದ. 'ಇನ್ನೂ ಐದು ಕಣಪ್ಪ' ಅಂದೆ. (ಹಿಂದಿನ ವರ್ಷವೂ ಐದೇ.) ನನ್ನ ಸೆರಗು ಹಿಡಿದು ನಿಂತಿದ್ದವಳು ಇಡೀ ಬಸ್ಸಿಗೆ ಕೇಳುವ ಹಾಗೆ, 'ಅಜ್ಜೀ, ನಾನು ಎರಡನೇ ಕ್ಲಾಸು!' ಅಂದುಬಿಟ್ಟಳು. ಕಂಡಕ್ಟರ್ ನಕ್ಕು ಅರ್ಧ ಟಿಕೆಟ್ ಹರಿದುಕೊಟ್ಟ. ನಾನು ಊರು ಬರುವತನಕ ಕಿಟಕಿ ಕಡೆಗೇ ನೋಡುತ್ತಿದ್ದೆ.

ಆ ಹುಡುಗಿ ರಕ್ಷಿತಾ. ನನ್ನ ಮಗಳ ಮಗಳು. ಮಗಳು ಅಳಿಯ ಕುದೇರಿನಲ್ಲಿದ್ದಾರೆ. ಇವಳು ಮಾತ್ರ ಹಾಲು ಬಿಟ್ಟಾಗಿನಿಂದ ಹರವೆಯಲ್ಲಿ ನಮ್ಮಿಬ್ಬರ ಕಾಲ ಸಂದಿಯಲ್ಲೇ ಬೆಳೆದವಳು. ಈಗ ಪುಣಜನೂರಿನ ಕಡೆ ಆಸ್ಪತ್ರೆಯಲ್ಲಿ ನರ್ಸು. ಬಿಳಿ ಕೋಟು ಹಾಕಿಕೊಂಡು ಹೊರಟರೆ ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಅವಳನ್ನು ಕಳಿಸುವುದಕ್ಕಲ್ಲ. ಬೀದಿಯವರು ನೋಡಿದರೋ ಇಲ್ಲವೋ ಅಂತ ನೋಡುವುದಕ್ಕೆ!

ಆದರೆ ಪುಣಜನೂರು ಅಂದರೆ ಕಾಡಂಚು. ಇಲ್ಲಿಂದ ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಸತ್ಯಮಂಗಲದ ರಸ್ತೆಯಲ್ಲಿ ಇನ್ನೊಂದು. ಸಂಜೆ ರಸ್ತೆಗೆ ಆನೆ ಬಂತು ಅಂದರೆ ಬಸ್ಸು ನಿಂತಿತು. ಬಸ್ಸು ನಿಂತರೆ ನಮ್ಮ ಮನೆಯಲ್ಲಿ ಮುದ್ದೆ ಮಡಕೆಯೊಳಗೇ ಇರುತ್ತದೆ. ಯಾರೂ ಊಟಕ್ಕೆ ಕೂರುವುದಿಲ್ಲ.

ಅದಕ್ಕೇ ಅವಳು ಕಾರು ತೆಗೆದುಕೊಂಡಳು. ತನ್ನ ಸಂಬಳದಲ್ಲಿ. ಹೊಸದಲ್ಲ, ಅಷ್ಟೆಲ್ಲ ಎಲ್ಲಿಂದ? ಅವಳ ಜೊತೆ ಕೆಲಸ ಮಾಡುವ ಮಲಯಾಳಿ ಸಿಸ್ಟರ್ ಒಬ್ಬರ ಮಾವ, ಸುಲ್ತಾನ್ ಬತ್ತೇರಿಯಲ್ಲಿ ರಿಟೈರಾದ ಮೇಷ್ಟ್ರು, ತಮ್ಮ ಕಾರು ಕೊಡುತ್ತೇನೆ ಅಂದರು. ಟೊಮೇಟೊ ಬಣ್ಣದ ಪುಟ್ಟ ಕಾರು. ತರುವ ದಿನ ನಾನೂ ಹೋಗಿದ್ದೆ. ಬಿಡುತ್ತೇನೆಯೇ?

ಆ ಮೇಷ್ಟ್ರು ಕೀ ಕೊಡುವಾಗ ಕಾರಿನ ಮುಂಭಾಗ ಸವರಿದರು. ಒಂದು ಸಲ ಅಲ್ಲ, ಮೂರು ಸಲ. 'ನಲ್ಲ ವಂಡಿಯಾಣು, ಸೂಕ್ಷಿಕ್ಕಣಂ' ಅಂದರು. ಒಳ್ಳೇ ಗಾಡಿ, ಜೋಪಾನ ಅಂತ. ಕಣ್ಣು ಒದ್ದೆಯಾಗಿತ್ತು. ನನಗೆ ನನ್ನ ಮಗಳನ್ನು ಒಪ್ಪಿಸಿಕೊಟ್ಟ ದಿನ ನೆನಪಾಯಿತು. ಮಡಿಲಲ್ಲಿ ಕಟ್ಟಿಕೊಂಡು ಹೋಗಿದ್ದ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಅವರ ಕೈಗಿಟ್ಟು, 'ನಮ್ಮನೆ ಮಗಳಂಗೆ ನೋಡ್ಕತೀವಿ ಬುಡಿ ಸ್ವಾಮಿ' ಅಂದೆ. ಅವರಿಗೆ ಕನ್ನಡ ಬಾರದು. ಅರ್ಥ ಮಾತ್ರ ಆಯಿತು.

ಮನೆ ಮುಂದೆ ಎಲ್ಲರೂ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರೆ. ನಾನು ಅಕ್ಕಿ ತುಂಬಿದ ಸೇರು ಇಟ್ಟೆ! ರಕ್ಷಿತಾ ನಿಧಾನಕ್ಕೆ ಕಾರು ಬಿಟ್ಟಳು. ಸೇರು ಉರುಳಿತು, ಅಕ್ಕಿ ಚೆಲ್ಲಿತು. ನಮ್ಮ ಯಜಮಾನರು ಜಗಲಿಯಲ್ಲಿ ಕುಂತು, 'ಇವಳಿಗೆ ಬುದ್ಧಿ ಕೆಟ್ಟದೆ. ಸೊಸೆ ಬಂದಂಗೆ ಮಾಡ್ತಾಳಲ್ಲ' ಅಂದರು.

'ಸೊಸೆನೇ ಕಣ, ಸುಮ್ಕಿರಿ' ಅಂದೆ.

ಆ ಸಂಜೆಯೇ ಹುಡುಗಿ ಒಂದು ಮಾತು ಹೇಳಿದಳು. 'ಅಜ್ಜಿ, ತೆರಿಗೆಗೆ ಅಂತ ದುಡ್ಡು ಎತ್ತಿಟ್ಟಿವ್ನಿ. ಅದರಲ್ಲಿ ಉಳಿಯೋದ್ರಲ್ಲಿ ನಿನ್ನೂ ತಾತನ್ನೂ ಸಮುದ್ರಕ್ಕೆ ಕರ್ಕೊಂಡು ಓಯ್ತೀನಿ.'

ಸಮುದ್ರ!

ಹೇಳಿದರೆ ನಗಬೇಡಿ. ಎಪ್ಪತ್ತು ಹತ್ತಿರ ಬಂತು, ನಾನು ಸಮುದ್ರ ನೋಡಿರಲಿಲ್ಲ. ವರ್ಷಗಟ್ಟಲೆ ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ಬೀನ್ಸು ಆರಿಸಿ ಮೂಟೆ ಕಟ್ಟಿದ್ದೇನೆ. ಮೂಟೆ ಎಲ್ಲ ಕೇರಳದ ಲಾರಿಗೆ. ಲಾರಿ ಘಾಟಿ ಇಳಿದು ಸಮುದ್ರದ ಪಕ್ಕದ ಮಾರ್ಕೆಟ್ಟಿಗೆ. ನಾನು ಕಟ್ಟಿದ ಬೀನ್ಸು ಸಮುದ್ರ ನೋಡಿತು. ನಾನು ನೋಡಲಿಲ್ಲ.

ಈಗ ತೆರಿಗೆ ವಿಷಯಕ್ಕೆ ಬರುತ್ತೇನೆ. ಬೇರೆ ರಾಜ್ಯದ ಗಾಡಿ ತಂದರೆ ಇಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಬೇಕು, ನಮ್ಮ ಸರ್ಕಾರಕ್ಕೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಕಟ್ಟಿದರೆ ಕೇರಳದ ಕೆಎಲ್ ನಂಬರು ಹೋಗಿ ನಮ್ಮ ಕೆಎ ಹತ್ತು ಬರುತ್ತದೆ. ಎಷ್ಟು ಕಟ್ಟಬೇಕು? ನಮ್ಮ ಯಜಮಾನರು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದರು. ಅವರು ಬಾಳೆಕಾಯಿ ವ್ಯಾಪಾರ ಮಾಡಿದವರು. 'ನಾವು ಕೊಟ್ಟ ರೇಟು ಇಷ್ಟು, ಅದರ ಮ್ಯಾಲೆ ತೆರಿಗೆ ಇಷ್ಟು. ಮುಗೀತು' ಅಂದರು. ಹುಡುಗಿ ಎತ್ತಿಟ್ಟಿದ್ದರಲ್ಲಿ ಸಮುದ್ರಕ್ಕೂ ಉಳಿಯುತ್ತಿತ್ತು, ಸಮುದ್ರದ ಪಕ್ಕ ಮೀನೂಟಕ್ಕೂ ಉಳಿಯುತ್ತಿತ್ತು.

ಅದರ ಮೇಲೆ ನಾನು ಒಂದು ಹಟ ಹಿಡಿದೆ. ಆಷಾಢಕ್ಕೆ ನಾಲ್ಕೇ ದಿನ ಇತ್ತು. ಮನೆಗೆ ಬಂದವಳನ್ನು ಮನೆ ತುಂಬಿಸಿಕೊಳ್ಳದೆ ಆಷಾಢವಿಡೀ ಹೊಸ್ತಿಲಲ್ಲಿ ನಿಲ್ಲಿಸುತ್ತಾರಾ? 'ಆಷಾಢ ಉಟ್ಟಕ್ಕೆ ಮುಂಚೆ ನಮ್ಮ ನಂಬರು ಬೀಳಬೇಕು ಕಣಮ್ಮಿ' ಅಂದೆ. ರಕ್ಷಿತಾ ರಜ ಹಾಕಿದಳು. ಮೂವರೂ ಅದೇ ಕಾರಲ್ಲಿ ಚಾಮರಾಜನಗರದ ಆರ್‌ಟಿಓ ಆಫೀಸಿಗೆ ಹೊರಟೆವು.

ಕೌಂಟರಿನಲ್ಲಿ ಒಬ್ಬ ಮೇಡಂ. ಕಾಗದ ಎಲ್ಲ ತಿರುವಿದರು. ಕೇರಳದವರು ಕೊಟ್ಟ ಎನ್‌ಒಸಿ, ಹಳೇ ಆರ್‌ಸಿ, ಇನ್ಶೂರೆನ್ಸು. ಆಮೇಲೆ ಕಂಪ್ಯೂಟರ್ ಕುಟ್ಟಿ ಒಂದು ಮೊತ್ತ ಹೇಳಿದರು.

ನಮ್ಮ ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡರು. 'ತಾಯಿ, ಏನೋ ತಪ್ಪಾಗದೆ. ನಾವು ಕೊಟ್ಟಿರೋದೇ ಇಷ್ಟು, ನೀವು ಅದರ ಮ್ಯಾಲೆ...'

'ನೀವು ಕೊಟ್ಟ ದುಡ್ಡಿಗಲ್ಲ ತಾತ ತೆರಿಗೆ. ಗಾಡಿ ಹೊಸದಾಗಿದ್ದಾಗ ಎಷ್ಟಿತ್ತೋ ಆ ಬೆಲೆಗೆ. ಆಮೇಲೆ ಗಾಡಿ ವಯಸ್ಸು ನೋಡಿ ಕಮ್ಮಿ ಮಾಡ್ತೀವಿ. ವಯಸ್ಸಾದಷ್ಟೂ ತೆರಿಗೆ ಕಮ್ಮಿ.'

'ಬಾಳೆಗೊನೆ ಹಣ್ಣಾದ ಮ್ಯಾಲೆ ಕಾಯಿನ ರೇಟು ಯಾರು ಕೇಳ್ತಾರವ್ವಾ?' ಅಂದರು ಯಜಮಾನರು.

ಮೇಡಂ ನಕ್ಕರು. ಕಂಪ್ಯೂಟರ್ ನಗಲಿಲ್ಲ.

ವಯಸ್ಸಾದಷ್ಟೂ ಕಮ್ಮಿ ಅಂದರಲ್ಲ, ನನ್ನ ಕಿವಿ ನೆಟ್ಟಗಾಯಿತು. 'ಎಷ್ಟು ವರ್ಸ ಅಂತ ಆಕಿದ್ದೀರವ್ವ?'

'ಎಂಟು.'

'ಒಂಬತ್ತು ಆಗದೆ ಕಣವ್ವ! ಎಂಟು ತುಂಬಿ ಒಂಬತ್ತರಲ್ಲಿ ನಡೀತಾ ಅದೆ. ನಾವು ಮಕ್ಕಳಿಗೆ ಅಂಗೇ ಲೆಕ್ಕ ಹಾಕದು.' ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 'ಒಂಬತ್ತು ತುಂಬೇ ಓಗದೆ ಅಂದ್ರು ಆ ಮೇಷ್ಟ್ರು' ಅಂತಲೂ ಸೇರಿಸಿದೆ. ಪಾಪ, ಮೇಷ್ಟ್ರು ಹಾಗೇನೂ ಅಂದಿರಲಿಲ್ಲ.

ಮೇಡಂ ಹಳೇ ಆರ್‌ಸಿ ಮೇಲೆ ಬೆರಳಿಟ್ಟರು. 'ಮೊದಲ ರಿಜಿಸ್ಟ್ರೇಶನ್ ತಾರೀಖು ಇಲ್ಲೇ ಇದೆಯಲ್ಲ ಅಜ್ಜಿ. ಒಂಬತ್ತು ತುಂಬೋಕೆ ಇನ್ನೂ ಹದಿನೆಂಟು ದಿನ ಇದೆ.'

ರಕ್ಷಿತಾ ಪಕ್ಕದಲ್ಲಿ ಬಾಯಿಗೆ ದುಪಟ್ಟಾ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. 'ಅಜ್ಜೀ, ಬಸ್ಸಲ್ಲಿ ನಂಗೆ ಕಮ್ಮಿ ಮಾಡಿದ್ದ ವರ್ಸನೆಲ್ಲ ಇದಕ್ಕೆ ಸೇರಿಸ್ತಾ ಇದ್ದೀಯ?'

ಮೇಡಂ ದನಿ ತಗ್ಗಿಸಿ ಒಳ್ಳೇ ಮಾತೇ ಹೇಳಿದರು. 'ಹದಿನೆಂಟು ದಿನ ಕಳೆದು ಬನ್ನಿ. ಒಂದು ಮೆಟ್ಟಿಲು ಇಳಿಯುತ್ತೆ. ಸುಮ್ಮನೆ ಯಾಕೆ ಜಾಸ್ತಿ ಕಟ್ತೀರ?'

ಹದಿನೆಂಟು ದಿನ. ಅಂದರೆ ಆಷಾಢದ ನಟ್ಟನಡುವೆ.

'ಆಗಕಿಲ್ಲ ಕಣವ್ವ' ಅಂದೆ. ಯೋಚನೆಯನ್ನೇ ಮಾಡಲಿಲ್ಲ, ಬಾಯಿ ಅಂದುಬಿಟ್ಟಿತು.

ಹೊರಗೆ ಬಂದೆವು. ರಕ್ಷಿತಾ ಮೊಬೈಲಿನಲ್ಲಿ ಏನೋ ಕೂಡಿ ಕಳೆದಳು. ಆಮೇಲೆ ನಗುತ್ತಲೇ ಅಂದಳು, 'ಕಟ್ಬುಡನ ಅಜ್ಜಿ. ನಿನ್ನ ಮನಸ್ಸಿಗೆ ಬ್ಯಾಡ ಅನ್ಸಿದ್ದು ಬ್ಯಾಡ. ಇಟ್ಟಿರೋ ದುಡ್ಡು ಸರಿಹೋಯ್ತದೆ. ಸಮುದ್ರ ಎಲ್ಲಿಗೋದದು? ಮುಂದಿನ ವರ್ಸ ನೋಡನ.'

ನನ್ನ ವಯಸ್ಸಿನವರಿಗೆ ಮುಂದಿನ ವರ್ಷ ಅಂದರೆ ಏನು ಅಂತ ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಆದರೆ ನನಗೆ ಚುಚ್ಚಿದ್ದು ಸಮುದ್ರ ತಪ್ಪಿದ್ದಲ್ಲ. ಅಷ್ಟು ದೂರ ಆನೆ ರಸ್ತೆಯಲ್ಲಿ ಓಡಾಡಿ ದುಡಿದ ದುಡ್ಡು, ನನ್ನದೊಂದು ಹಟಕ್ಕೆ ಕೌಂಟರಿನೊಳಗೆ ಹೋಗುತ್ತಿದೆ. ಅವಳು ಅದಕ್ಕೆ ಒಂದು ಮಾತು ಎದುರಾಡಲಿಲ್ಲ. ಎದುರಾಡಿದ್ದರೆ ಜಗಳ ಮಾಡಿ ಗೆಲ್ಲುತ್ತಿದ್ದೆ. ನಗುವವಳ ಹತ್ತಿರ ಹೇಗೆ ಗೆಲ್ಲುವುದು?

'ಟೀ ಕುಡುದು ಓಗನ' ಅಂದರು ಯಜಮಾನರು. ಅವರಿಗೆ ನನ್ನ ಮುಖ ಓದಲು ಬರುತ್ತದೆ. ಕಾಗದ ಓದುವುದು ನನಗಿಂತ ಕಮ್ಮಿ.

ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿ. ಪಕ್ಕದ ಬೆಂಚಿನಲ್ಲಿ ಒಂದು ಹೊಸ ಮದುವೆ ಹೆಣ್ಣು ಕೂತಿತ್ತು. ಅರಿಸಿನದ ಕೊಂಬಿನ ದಾರ ಇನ್ನೂ ಹಸಿ ಹಸಿ. ಕಾಲ ಬಳಿ ಎರಡು ಬ್ಯಾಗು, ಪಕ್ಕದಲ್ಲಿ ಅಣ್ಣ. ಮುಖ ಅರಳಿದ್ದು ನೋಡಿದರೆ ಪರೀಕ್ಷೆ ಮುಗಿಸಿ ರಜಕ್ಕೆ ಹೊರಟ ಮಗುವಿನ ಹಾಗಿತ್ತು.

'ಎಲ್ಲಿಗವ್ವ ಮಗ?' ಅಂದೆ. (ಕೇಳದೆ ಇದ್ದರೆ ಟೀ ಇಳಿಯುತ್ತದೆಯೇ?)

'ತವರಿಗೆ ಅಜ್ಜಿ. ಆಷಾಢ ಅಲ್ವಾ, ನಮ್ಮಣ್ಣ ಕರ್ಕೊಂಡು ಓಗಕ್ಕೆ ಬಂದವ್ನೆ. ಶ್ರಾವಣಕ್ಕೆ ಬತ್ತೀನಿ.'

ಟೀ ಲೋಟ ನನ್ನ ಕೈಯಲ್ಲೇ ನಿಂತಿತು.

ನೋಡಿ, ಎಂಥ ಪೆದ್ದಿ ನಾನು! ಸೇರು ಇಟ್ಟು ಒದೆಸಿದವಳು ನಾನೇ. ಸೊಸೆ ಅಂದವಳೂ ನಾನೇ. ಹೊಸ ಸೊಸೆಯನ್ನು ಆಷಾಢದಲ್ಲಿ ಯಾರಾದರೂ ಮನೆಯಲ್ಲಿ ಇಟ್ಟುಕೊಳ್ಳುತ್ತಾರಾ? ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದು ಅಂತ ನನ್ನನ್ನೂ ಕಳಿಸಿದ್ದರು. ನನ್ನ ಮಗಳನ್ನೂ ಕಳಿಸಿದ್ದರು. ಈ ಕೆಂಪು ಸೊಸೆಗೆ ಮಾತ್ರ ಬೇರೆ ಕಾನೂನೇ? ಅವಳು ಆಷಾಢ ಕಳೆಯುವತನಕ ತವರಿನವಳಾಗಿಯೇ ಇರಲಿ. ತವರಿನ ನಂಬರೇ ಇರಲಿ. ಶ್ರಾವಣಕ್ಕೆ ನಮ್ಮ ಮನೆ ತುಂಬಲಿ. ಅಷ್ಟರಲ್ಲಿ ಒಂಬತ್ತೂ ತುಂಬಿರುತ್ತದೆ, ನಿಜವಾಗಿಯೂ! ತೆರಿಗೆ ಇಳಿದರೆ ಸಮುದ್ರಕ್ಕೂ ಉಳಿಯುತ್ತದೆ.

'ನಡಿಯಮ್ಮಿ ತಿರುಗ ಆಪೀಸಿಗೆ' ಅಂದೆ.

'ಟೀ?' ಅಂದರು ಯಜಮಾನರು.

'ನೀವೇ ಕುಡ್ಕಳಿ ಎರಡೂವ.'

ಮೇಡಂ ಊಟದ ಡಬ್ಬಿ ತೆಗೆಯುತ್ತಿದ್ದರು. 'ಆಷಾಢ ಕಳುದು, ಶ್ರಾವಣದ ಮೊದಲ್ನೇ ವಾರ ಬಂದ್ರೆ ಆಯ್ತದಾ ತಾಯಿ?' ಅಂತ ಕೇಳಿದೆ.

'ಆಗುತ್ತಲ್ಲ ಅಜ್ಜಿ. ಎನ್‌ಒಸಿಗೆ ಇನ್ನೂ ಟೈಮಿದೆ. ಅದಕ್ಕಿಂತ ಎಳೆಯೋಕೆ ಹೋಗ್ಬೇಡಿ. ಆಗಲೇ ಆಗಲ್ಲ ಅಂದ್ರಿ, ಈಗೇನಾಯ್ತು?'

'ಸೊಸೆ ತವರಿಗೆ ಓಗ್ಬೇಕಂತೆ ಕಣವ್ವ.'

ಮೇಡಂಗೆ ಏನೂ ಅರ್ಥವಾಗಲಿಲ್ಲ. ಆದರೂ ಬಾಯಿ ತುಂಬ ನಕ್ಕರು. ರಕ್ಷಿತಾಗೆ ಅರ್ಥವಾಯಿತು. ಅಷ್ಟು ಜನರ ಮುಂದೆ ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದಳು. ಆಫೀಸಿನಲ್ಲಿ ಹಾಗೆಲ್ಲ ಮಾಡುತ್ತಾರೆಯೇ? ಮಾಡಲಿ ಬಿಡಿ. ಎಲ್ಲರೂ ನೋಡಿದರು ಅನ್ನುವುದೇ ನನಗೆ ಬೇಕಾಗಿದ್ದು.

ಮೊನ್ನೆ ಭಾನುವಾರ, ಬೆಳಕು ಹರಿದ ಮೇಲೆ, ಬಂಡೀಪುರ ದಾಟಿ ಹೊರಟೆವು. ಬತ್ತೇರಿಯಲ್ಲಿ ಮೇಷ್ಟ್ರ ಮನೆ ಮುಂದೆ ನಿಲ್ಲಿಸಿದೆವು. ಅವರು ಚಪ್ಪಲಿ ಹಾಕುವುದನ್ನೂ ಮರೆತು ಅಂಗಳಕ್ಕೆ ಬಂದರು. ನಮ್ಮನ್ನು ಮಾತಾಡಿಸುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದರು. ಮುಂದಿನ ಗಾಜಿನ ಮೇಲಿದ್ದ ಕೆಸರನ್ನು ತಾವು ಉಟ್ಟಿದ್ದ ಮುಂಡಿನ ಅಂಚಿನಿಂದಲೇ ಒರೆಸಿದರು. ಹೊರಡುವಾಗ ಡಿಕ್ಕಿಯಲ್ಲಿ ಒಂದು ಗೊನೆ ನೇಂದ್ರ ಬಾಳೆ, ಎರಡು ಹಲಸಿನಹಣ್ಣು. ಮಗಳನ್ನು ತವರಿನಿಂದ ಬರಿಗೈಲಿ ಕಳಿಸುತ್ತಾರೆಯೇ? ಮಡಿಲು ತುಂಬಿದರು. ನಮ್ಮ ಯಜಮಾನರು ಗೊನೆ ತಿರುಗಿಸಿ ತಿರುಗಿಸಿ ನೋಡಿ, 'ಫಸ್ಟ್ ಕ್ವಾಲಿಟಿ' ಅಂತ ಸರ್ಟಿಫಿಕೇಟ್ ಕೊಟ್ಟರು.

ಆಮೇಲೆ ಘಾಟಿ ಇಳಿದೆವು. ನನ್ನ ಬೀನ್ಸು ಇಳಿದ ಘಾಟಿ. ಪ್ರತಿ ತಿರುವಿನಲ್ಲೂ ನಾನು ಕಣ್ಣು ಮುಚ್ಚಿದೆ. ಪ್ರತಿ ತಿರುವು ಮುಗಿದ ಮೇಲೂ ನನ್ನ ಹುಡುಗಿಯ ಕೈ ನೋಡಿದೆ. ಆ ಸ್ಟೀರಿಂಗಿನ ಮೇಲೆ ಎಷ್ಟು ಸಲೀಸಾಗಿ ಓಡುತ್ತಿತ್ತು! ನನ್ನ ಸೆರಗು ಹಿಡಿಯುತ್ತಿದ್ದ ಕೈ.

ಸಮುದ್ರ ಹೇಗಿತ್ತು ಅಂತ ಕೇಳಬೇಡಿ. ನನಗೆ ವರ್ಣಿಸಲು ಬಾರದು. ಮಳೆ ಹನಿಯುತ್ತಿತ್ತು, ಗಾಳಿ ಸೆರಗು ಕಿತ್ತುಕೊಳ್ಳುತ್ತಿತ್ತು, ನೀರು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಲೆ ಜೋರು, ದೂರದಲ್ಲೇ ನಿಲ್ಲಿ ಅಂತ ಅಲ್ಲಿದ್ದವರು ಹೇಳಿದರು. ನಾವು ದೂರದಲ್ಲೇ ನಿಂತೆವು. ಅದೇ ಓಡಿಬಂದು ನನ್ನ ಪಾದ ಮುಟ್ಟಿ ಹೋಯಿತು. ನಾನು ಮೊಮ್ಮಗಳ ತೋಳು ಹಿಡಿದುಕೊಂಡು ಕೂಗಿದೆನಂತೆ. ಏನು ಕೂಗಿದೆ ಅಂತ ನನಗೆ ನೆನಪಿಲ್ಲ, ಅವಳ ಮೊಬೈಲಿನಲ್ಲಿ ಇದೆ. ನಮ್ಮ ಯಜಮಾನರು ಪಂಚೆ ಎತ್ತಿ ಕಟ್ಟಿ, ಸೊಂಟಕ್ಕೆ ಕೈ ಇಟ್ಟು, ಬಹಳ ಹೊತ್ತು ನೋಡಿ ಅಂದರು: 'ಇಷ್ಟು ನೀರಿದ್ದೂ ಒಂದು ಬಾಳೆಗಿಡಕ್ಕೆ ಆಗಕಿಲ್ವಲ್ಲ ಕಣೆ.'

ಕತ್ತಲಾಗುವ ಮುಂಚೆ ಕಾಡು ದಾಟಿ ಮನೆ ಸೇರಿದೆವು. ಕಾರು ಈಗ ಅಂಗಳದಲ್ಲಿದೆ, ಇನ್ನೂ ಕೆಎಲ್ ನಂಬರಿನಲ್ಲೇ. ಬರುವ ವಾರ ಅದಕ್ಕೆ ಒಂಬತ್ತು ತುಂಬುತ್ತದೆ. ಶ್ರಾವಣಕ್ಕೆ ತೆರಿಗೆ ಕಟ್ಟುತ್ತೇವೆ, ಸರಿಯಾದ ವಯಸ್ಸಿಗೆ ಸರಿಯಾದ ತೆರಿಗೆ. ಅಕ್ಕಿ ಸೇರು ತೊಳೆದಿಟ್ಟಿದ್ದೇನೆ, ಇನ್ನೊಂದು ಸಲ ಒದೆಸಬೇಕಲ್ಲ.

ಒಂದೇ ಅನುಮಾನ ಉಳಿದಿದೆ. ಆಷಾಢಕ್ಕೆ ಸೊಸೆ ತವರಿಗೆ ಹೋಗುವುದು ಸರಿ, ಆದರೆ ಅವಳ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಅತ್ತೆಯೂ ಹೋದದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?