ಅವಳು ಕೂರಿಸಿದ ಕಿವಿ

ಹಲ್ಲು ಕಟ್ಟುವುದು ಅವಳ ಕಸುಬು. ದಂತವೈದ್ಯರು ಕಳಿಸಿದ ಅಚ್ಚಿನ ಮೇಲೆ ಮೇಣ ಇಟ್ಟು, ಕೊರೆದು, ಉಜ್ಜಿ, ಊರಿನ ಅರ್ಧ ಮುದುಕರ ಬಾಯಿ ತುಂಬಿಸಿದವಳು. ಸ್ವಂತ ಮನೆಯಲ್ಲಿ ಮಾತ್ರ ಅವಳು ಬಾಯಿ ಬಿಟ್ಟದ್ದು ಕಡಿಮೆ. ಗಂಡನಿಗೆ ಗೆಳೆಯರು ಇಟ್ಟ ಹೆಸರು ಕ್ಯಾಪ್ಟನ್. ಮೂರನೇ ಮಹಡಿಯಿಂದ ಬಗ್ಗಿ ನೋಡಿದರೆ ತಲೆ ಸುತ್ತುವ ಈ ಕ್ಯಾಪ್ಟನ್ ಹಾರಿಸುತ್ತಿದ್ದದ್ದು ಎರಡು ಮೊಳದ ಆಟದ ವಿಮಾನ. ಆಟದ್ದು ಅಂದರೆ ಅವನಿಗೆ ಮೈ ಉರಿಯುತ್ತಿತ್ತು, ಮಾಡೆಲ್ ಅನ್ನಬೇಕು.

ಒಂದು ಭಾನುವಾರ ಅದು ಮೂಗು ಕೆಳಗಾಗಿ ಬಿದ್ದು ಎಂಜಿನ್ನಿನ ಒಂದು ಕಿವಿ ಮುರಿಯಿತು. ಮುಷ್ಟಿಯಷ್ಟು ಎಂಜಿನ್ನು, ಅದರ ಎರಡು ಪಕ್ಕದಲ್ಲಿ ಚಾಚಿಕೊಂಡಿರುವ ಅಲ್ಯೂಮಿನಿಯಂ ತುಂಡುಗಳೇ ಕಿವಿ. ಅವುಗಳ ತೂತಿಗೆ ಬೋಲ್ಟ್ ಹಾಕಿ ವಿಮಾನದ ಮೂಗಿನ ಮರದ ಪಟ್ಟಿಗಳಿಗೆ ಬಿಗಿಯುತ್ತಾರೆ. ಅಂಥ ಎಂಜಿನ್ನು ಈಗ ಎಲ್ಲೂ ಸಿಗುವುದಿಲ್ಲ. ಹೆತ್ತ ತಾಯಿ ತೀರಿಕೊಂಡಾಗಲೂ ಊಟ ಬಿಡದ ಕ್ಯಾಪ್ಟನ್ ಅಂದು ತಟ್ಟೆ ಮುಟ್ಟಲಿಲ್ಲ.

"ಇಲ್ಲಿ ಕೊಡಿ, ನಾನು ನೋಡ್ತೀನಿ," ಅಂದಳು.

"ಇದು ಹಲ್ಲಲ್ಲ ಕಣೇ."

ಆದರೂ ಕೊಟ್ಟ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಒಳಗೆ ಪುಡಿ ಸೇರಬಾರದೆಂದು ಅವಳು ಎಂಜಿನ್ನನ್ನು ಪೂರ್ತಿ ಬಿಚ್ಚಿದಳು. ಮುರಿದ ಅಂಚನ್ನು ಅರದಿಂದ ಸಮ ಮಾಡಿ, ಅಲ್ಯೂಮಿನಿಯಂ ತುಂಡಿನಲ್ಲಿ ಹೊಸ ಕಿವಿ ಕೊರೆದು, ಎರಡು ಪುಟ್ಟ ಸ್ಕ್ರೂ ಮತ್ತು ಲೋಹದ ಅಂಟು ಹಾಕಿ ಕೂರಿಸಿದಳು. ಕಟ್ಟಿದ ಹಲ್ಲು ಎಲ್ಲಿ ತಾಗುತ್ತದೆಂದು ನೋಡುವ ನೀಲಿ ಕಾಗದವನ್ನು ಕಿವಿಗೂ ವಿಮಾನದ ಮರದ ಪಟ್ಟಿಗೂ ನಡುವೆ ಇಟ್ಟು ಒತ್ತಿದಳು. ನೀಲಿ ಹತ್ತಿದ ಕಡೆ ಉಬ್ಬು, ಅಲ್ಲಿ ಉಜ್ಜು. ಮತ್ತೆ ಒತ್ತು, ಮತ್ತೆ ಉಜ್ಜು. ಮರ ಎಣ್ಣೆ ಕುಡಿದು ಮೆತ್ತಗಾಗಿರುವುದು ಗೊತ್ತಾದದ್ದು ಆಗಲೇ.

"ಕಿವಿ ಗಟ್ಟಿಯಾಗಿದೆ. ಆದರೆ ಮರ ಬದಲಾಯಿಸಿ, ಕಿತ್ಕೊಂಡು ಬರತ್ತೆ."

"ವಿಮಾನದ ವಿಷಯ ನನಗೆ ಬಿಡು."

ಅವಳಿಗೆ ಬೇಕಿದ್ದದ್ದು ಒಂದೇ ಮಾತು. ಆ ಗೆಳೆಯರ ಎದುರಿಗೆ ಅವನು "ಇದು ಇವಳು ಮಾಡಿದ್ದು" ಅನ್ನಬೇಕು. ಅದಕ್ಕೇ ಅವರು ವಿಮಾನ ಹಾರಿಸುವ ಮೈದಾನದ ಕಡೆ ಎಂದೂ ತಲೆ ಹಾಕದವಳು ಮುಂದಿನ ಭಾನುವಾರ ಒಳ್ಳೆ ಬಟ್ಟೆ ಉಟ್ಟು ಹೊರಟಳು.

ಎಂಜಿನ್ನು ಮೊದಲ ಏಟಿಗೇ ಕಿರುಚಿಕೊಂಡು ಎದ್ದಿತು. ವಿಮಾನ ಮೇಲೇರಿತು. ಗೆಳೆಯರು ಕತ್ತೆತ್ತಿ ನೋಡಿದರು.

"ಯಾರ ಕೈಲಿ ಮಾಡಿಸಿದೆಯೋ ಕ್ಯಾಪ್ಟನ್?"

"ಮಾಡಿಸೋದೇನು ಬಂತು? ನಾನೇ ಕೂತು ಮಾಡ್ದೆ."

ಅವಳು ಅವನ ಬೆನ್ನ ಹಿಂದೆಯೇ ನಿಂತಿದ್ದಳು. ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಕಂಡಿದ್ದಳು. ಎತ್ತೇ ತಾನು ಅನ್ನುವವನನ್ನು ಅಂದು ಕಂಡಳು.

ಮೂರನೇ ಸುತ್ತಿನಲ್ಲಿ ಎಂಜಿನ್ನು ಕಿತ್ತುಕೊಂಡು ಒಂದು ಕಡೆ, ವಿಮಾನ ಇನ್ನೊಂದು ಕಡೆ ಬಿತ್ತು. ಕ್ಯಾಪ್ಟನ್ ತಟ್ಟನೆ ತಿರುಗಿ ಬೆರಳು ತೋರಿಸಿದ.

"ಇವಳು ಮಾಡಿದ್ದು! ಹಲ್ಲು ಕಟ್ಟೋಳ ಕೈಗೆ ಕೊಟ್ಟರೆ ಇನ್ನೇನಾಗತ್ತೆ?"

ಎಲ್ಲರೂ ನಕ್ಕರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯಲ್ಲೂ ಹೆಂಗಸನ್ನೇ ಯಾಕೆ ಇಟ್ಟರೋ!

ಹುಲ್ಲಿನಲ್ಲಿ ಎಂಜಿನ್ನು ಹುಡುಕಿದವಳು ಅವಳೇ. ಕಿವಿ ಕದಲಿರಲಿಲ್ಲ. ಬೋಲ್ಟುಗಳೂ ಇದ್ದವು, ಅವಕ್ಕೆ ಎಣ್ಣೆಗಪ್ಪು ಮರದ ಚೂರು ಕಚ್ಚಿಕೊಂಡಿತ್ತು. ತಂದು ತೋರಿಸಿದಳು. ಅವನು ಕಣ್ಣೆತ್ತಿಯೂ ನೋಡಲಿಲ್ಲ.

"ಚೀಲಕ್ಕೆ ಹಾಕು. ಮನೇಲಿ ನೋಡೋಣ."

ಸಂಜೆ ಅವಳು ಕೆಲಸದ ಮೇಜಿನ ಮೇಲೆ ಸ್ಪಿರಿಟ್ ದೀಪ ಹಚ್ಚಿದಳು. ಅಂಟು ಮೆತ್ತಗಾಗುವವರೆಗೆ ಕಿವಿ ಕಾಯಿಸಿ, ಎರಡೂ ಸ್ಕ್ರೂ ಬಿಚ್ಚಿ, ಅದನ್ನು ಕಳಚಿದಳು. ಎಂಜಿನ್ನನ್ನು ಒರೆಸಿ ಊಟದ ಮೇಜಿನ ಮೇಲೆ ಅವನ ತಟ್ಟೆಯ ಪಕ್ಕ ಇಟ್ಟಳು.

"ಇದೇನೇ ಇದು? ಕಿವಿ ಎಲ್ಲಿ?"

"ನೀವು ಕೊಟ್ಟಾಗ ಹೇಗಿತ್ತೋ ಹಾಗೇ ಇದೆ. ನೀವೇ ಕೂತು ಮಾಡ್ಕೊಳ್ಳಿ."

ಅಂದು ಅವನು ಮತ್ತೆ ಊಟ ಬಿಟ್ಟ. ಅವಳು ಎದುರಿಗೇ ಕೂತು ಹೊಟ್ಟೆ ತುಂಬ ಉಂಡಳು.